ಸಿರಿಂಜಿನಲ್ಲಿ ಉಳಿದ ಔಷಧಿ

ಸಕ್ಕರೆ ಪರೀಕ್ಷೆಗೆಂದು ಇವತ್ತು ಬೆಳಿಗ್ಗೆ ಲ್ಯಾಬಿಗೆ ಹೋಗಿದ್ದೆ. ಅಲ್ಲಿನ ಹುಡುಗಿ ತೋಳಿಗೆ ಸ್ಪಿರಿಟ್ ಹತ್ತಿ ಒರೆಸಿದಳು. ಸೂಜಿಗೆ ಹೆದರುವ ವಯಸ್ಸು ನನ್ನದಲ್ಲ; ಆದರೂ ಆ ವಾಸನೆ ಬಂದರೆ ಕೈಕಾಲು ತಣ್ಣಗಾಗುತ್ತದೆ. ಯಾಕೆಂದು ಹೇಳುತ್ತೇನೆ, ಕೇಳಿ.

ಎಂಬತ್ತರ ದಶಕದ ಮಾತು. ರಾಜಾಜಿನಗರದಲ್ಲಿ ನಮ್ಮದು ಪುಟ್ಟ ಬಾಡಿಗೆ ಮನೆ. ಮಗಳು ಸುಮಾಗೆ ಆಗಷ್ಟೇ ಎರಡು ವರ್ಷ ತುಂಬಿತ್ತು. ಒಂದು ಮಧ್ಯಾಹ್ನ ಜ್ವರದಲ್ಲಿ ಸುಡುತ್ತಿದ್ದ ಅವಳ ಕಣ್ಣು ಮೇಲಕ್ಕೆ ಸಿಕ್ಕಿಕೊಂಡು ಕೈಕಾಲು ಅದುರತೊಡಗಿತು. ನಮ್ಮತ್ತೆ ಬೀರುವಿನ ಬೀಗದ ಕೈ ಗೊಂಚಲನ್ನು ಅವಳ ಮುಷ್ಟಿಗೆ ತುರುಕಿದರು. ಬಿಎಸ್ಸಿ ಮಾಡಿದ ನಾನೂ ಕಬ್ಬಿಣ ಹಿಡಿದರೆ ಫಿಟ್ಸ್ ನಿಲ್ಲುತ್ತದೆಂದು ನಂಬಿ ಆ ಮುಷ್ಟಿಯನ್ನು ಒತ್ತಿ ಹಿಡಿದೆ. ನಿಲ್ಲಲಿಲ್ಲ. ಗೊಂಚಲು ಸಮೇತ ಮಗುವನ್ನೆತ್ತಿಕೊಂಡು ಆಟೋ ಹತ್ತಿದೆವು.

ನರ್ಸಿಂಗ್ ಹೋಮಿನ ಡಾಕ್ಟರಮ್ಮ ಮಗುವನ್ನು ಮಗ್ಗುಲಾಗಿ ಮಲಗಿಸಿ ಬಾಯಿ ಒರೆಸಿದರು. ತೂಕ ಕೇಳಿ, ಅದಕ್ಕೆ ತಕ್ಕಂತೆ ಔಷಧಿ ಅಳೆದುಕೊಂಡರು. ನರ್ಸು ಆಕ್ಸಿಜನ್ ಮಾಸ್ಕು ಹಿಡಿದು ನಿಂತಳು. ಸ್ಪಿರಿಟ್ ಹತ್ತಿ ಒರೆಸಿದ ಮುಂಗೈ ನರಕ್ಕೆ ಸೂಜಿಯೇನೋ ಹೋಯಿತು, ಆದರೆ ಸಿರಿಂಜಿನ ಮೇಲಿನ ಹೆಬ್ಬೆರಳು ಕದಲುತ್ತಿದೆಯೋ ಇಲ್ಲವೋ ತಿಳಿಯದಷ್ಟು ನಿಧಾನ. ಮಗು ಕಣ್ಣೆದುರೇ ಒದ್ದಾಡುತ್ತಿರುವಾಗ ಇದೇನು ನೆಮ್ಮದಿ ಇವರಿಗೆ ಎಂದು ಕೆಟ್ಟ ಕೋಪ ಬಂತು. ಬೇಗ ಹಾಕಿ ಎಂದು ಅಂಗಲಾಚಿದೆ.

“ಬೇಗ ಹಾಕಿದ್ರೆ ಫಿಟ್ಸ್ ಜೊತೆ ಉಸಿರೂ ನಿಂತ್ಬಿಡಬಹುದಮ್ಮ,” ಎಂದರು, ತಲೆಯೆತ್ತದೆ. “ನಾನು ನೋಡ್ತಾನೇ ಇದೀನಿ. ನೀವೂ ಅವಳ ಎದೆ ನೋಡ್ತಿರಿ. ಏಳೋದು ಕಮ್ಮಿ ಆಯ್ತು ಅನ್ಸಿದ್ರೆ ಹೇಳಿ.”

ನೋಡಿದೆ. ಲೋಕದಲ್ಲಿ ಬೇರೇನೂ ಇರಲಿಲ್ಲ.

ಅದುರಾಟ ನಿಂತಿತು. ಸಿರಿಂಜಿನಲ್ಲಿ ಅರ್ಧ ಇನ್ನೂ ಇರುವಾಗಲೇ ಡಾಕ್ಟರಮ್ಮ ಕೈ ತಡೆದರು. ನಮ್ಮತ್ತೆಗೆ ಇದು ಸರಿಬರಲಿಲ್ಲ. ತಟ್ಟೆಯಲ್ಲಿ ಅಗುಳು ಬಿಟ್ಟರೂ ಸಹಿಸದ ಹೆಂಗಸು ಅವರು. ಅರ್ಧ ಔಷಧಿಗೆ ಅರ್ಧವೇ ಗುಣ ಎಂದು ವಾದಕ್ಕಿಳಿದರು. ಮಗುವಿಗೆ ಬೇಕಾದಷ್ಟು ಆಯಿತು, ಮಿಕ್ಕಿದ್ದು ಅದಕ್ಕೆ ಭಾರ ಎಂದು ಡಾಕ್ಟರಮ್ಮ ಸಮಾಧಾನವಾಗಿಯೇ ಹೇಳಿದರು. ಸಂಜೆ ಸುಮಾ ಕಣ್ಣು ಬಿಟ್ಟು ನೀರು ಕೇಳಿದಾಗ, ವಾದ ಮಾಡಿದ ಅತ್ತೆಯೇ ಗೋಡೆಗೆ ಮುಖ ಮಾಡಿ ಅತ್ತರು. ನಾನು ಅಳಲಿಲ್ಲ. ಅತ್ತರೆ ಅವಳ ಎದೆ ಮಂಜಾಗಿ ಕಾಣುತ್ತದಲ್ಲ ಎಂಬ ಭಯ.

ಮಗಳಿಗೀಗ ನಲವತ್ತು ದಾಟಿದೆ. ಮತ್ತೆಂದೂ ಫಿಟ್ಸ್ ಬರಲಿಲ್ಲ. ಇವತ್ತು ಲ್ಯಾಬಿನಿಂದ ಬಂದಾಗ ದಿವಾನ್ ಮೇಲೆ ಮಲಗಿದ್ದಳು. ಎಂದಿನಂತೆ ಸದ್ದು ಮಾಡದೆ ಬಾಗಿಲಲ್ಲಿ ನಿಂತೆ.

“ಉಸಿರಾಡ್ತಾ ಇದೀನಮ್ಮ,” ಎಂದಳು, ಕಣ್ಣು ಮುಚ್ಚಿಕೊಂಡೇ.

ಇಷ್ಟು ವರ್ಷ ನಾನು ಕದ್ದು ನೋಡುತ್ತಿದ್ದುದು ಅವಳಿಗೆ ಗೊತ್ತಿತ್ತು. ಇನ್ನು ಕದಿಯುವುದೇನು, ಕುರ್ಚಿ ಎಳೆದುಕೊಂಡು ಪಕ್ಕದಲ್ಲೇ ಕೂತೆ.