ಹುಳುವಿನ ಜ್ವರಕ್ಕೆ ನಮ್ಮ ರಜೆ

ನಮ್ಮ ಮನೆಯ ಗೋಡೆಯ ಮೇಲೆ ಮೂರು ಕ್ಯಾಲೆಂಡರುಗಳಿವೆ. ರಜೆ ಯಾವತ್ತು ಎಂಬುದನ್ನು ಮೂರರಲ್ಲಿ ಒಂದೂ ಹೇಳುವುದಿಲ್ಲ. ಅದನ್ನು ಹೇಳುವುದು ರೇಷ್ಮೆ ಹುಳು. ಕೆಂಪಕ್ಷರದ ಭಾನುವಾರವನ್ನು ನಂಬಿಕೊಂಡು ಗೌರಿಬಿದನೂರಿನಿಂದ ಜಂಗಮಕೋಟೆ ಪಕ್ಕದ ಈ ಊರಿಗೆ ಸೊಸೆಯಾಗಿ ಬಂದವಳು ನಾನು. ಮೇಷ್ಟರ ಮಗಳು, ನಾನೂ ಶಾಲೆಯ ಮೇಡಂ; ವಾರಕ್ಕೊಂದು ರಜೆ ಹುಟ್ಟಿನಿಂದ ಬಂದ ಹಕ್ಕು ಎಂದೇ ತಿಳಿದಿದ್ದೆ. ಮದುವೆಯಾದ ಮೊದಲ ಭಾನುವಾರ ಬೆಳಿಗ್ಗೆ ಐದಕ್ಕೆ ನಮ್ಮತ್ತೆ ಕೈಗೆ ಕುಡುಗೋಲು ಕೊಟ್ಟು "ಸೊಪ್ಪಿಗೆ ಹೋಗಣ ಬಾಮ್ಮ" ಎಂದಾಗ ನನಗೆ ಜ್ಞಾನೋದಯವಾಯಿತು.

ಆದರೆ ಆ ಹೊಟ್ಟೆಬಾಕ ಹುಳುವಿಗೂ ಏಕಾದಶಿ ಇದೆ. ಪೊರೆ ಬಿಡುವ ಮುಂಚೆ ಅದು ತಿನ್ನುವುದನ್ನು ನಿಲ್ಲಿಸಿ, ತಲೆ ಮೇಲೆತ್ತಿಕೊಂಡು, ಒಂದು ಹಗಲು ಒಂದು ರಾತ್ರಿ ಅಲ್ಲಾಡದೆ ಕೂತುಬಿಡುತ್ತದೆ. ಇದಕ್ಕೆ ನಮ್ಮ ಕಡೆ ಜ್ವರ ಎನ್ನುತ್ತಾರೆ. ಮೊಟ್ಟೆಯಿಂದ ಗೂಡಿನವರೆಗೆ ಇಂಥ ಜ್ವರ ನಾಲ್ಕು. ಮೊದಲಿನ ಎರಡು, ಮರಿಹುಳು ಮಾರುವವರ ಮನೆಯಲ್ಲೇ ಮುಗಿದಿರುತ್ತವೆ. ಮೂರನೆಯದೂ ನಾಲ್ಕನೆಯದೂ ನಮ್ಮ ಪಾಲು. ಜ್ವರದ ದಿನ ಸೊಪ್ಪು ಹಾಕಬಾರದು, ಮುಟ್ಟಬಾರದು. ಸುಣ್ಣದ ಪುಡಿ ಉದುರಿಸಿ, ಗಾಳಿಯಾಡಲು ಬಿಟ್ಟು ಬಂದರೆ ಕೆಲಸ ಮುಗಿಯಿತು. ಹುಳುವಿಗೆ ಜ್ವರ ಬಂದರೆ ಮನುಷ್ಯರಿಗೆ ಬಿಡುವು ಎಂಬ ಈ ಸರಳ ಸತ್ಯ ನಮ್ಮತ್ತೆ ನಾರಾಯಣಮ್ಮನವರಿಗೆ ಮೂವತ್ತು ವರ್ಷಗಳಾದರೂ ಹೊಳೆದಿರಲಿಲ್ಲ. ಜ್ವರದ ದಿನ ಅವರು ಹುಳು ಸಾಕುವ ಬಿದಿರಿನ ಖಾಲಿ ತಟ್ಟೆಗಳನ್ನು ತೊಳೆಯುತ್ತಿದ್ದರು. ತೊಳೆದದ್ದು ಒಣಗುವಷ್ಟರಲ್ಲಿ ಹತ್ತು ಸಲ ಹೋಗಿ ಹುಳುಗಳನ್ನು ಇಣುಕಿ ನೋಡುತ್ತಿದ್ದರು.

ವಾಟರ್ ಪಾರ್ಕಿನ ಮಾತು ತಂದವಳು ನನ್ನ ಮಗಳು ಅನುಷಾ. ಬೆಂಗಳೂರಿನ ಆಚೆ ಅಂಥದ್ದೊಂದು ಹೊಸದಾಗಿ ಬಂದಿದೆ, ತನ್ನ ತರಗತಿಯಲ್ಲಿ ಯಾರೋ ಹೋಗಿ ಬಂದಿದ್ದಾರೆ, ತಾನು ಮಾತ್ರ ಹೋಗಿಲ್ಲ ಎಂದು ಎರಡು ದಿನ ಅನ್ನ ಬಿಟ್ಟಳು. ಮೂರನೆಯ ದಿನ ನನಗೇ ಆಸೆಯಾಯಿತು. ನೀರಿನ ವಿಷಯದಲ್ಲಿ ನಾವು ಕೆಟ್ಟ ಹಣೆಬರಹದವರು. ಐದು ನದಿಗಳು ನಮ್ಮ ನಂದಿಯ ಬೆಟ್ಟಸಾಲಿನಲ್ಲಿ ಹುಟ್ಟುತ್ತವೆ ಎಂದು ನಾನೇ ಮಕ್ಕಳಿಗೆ ಬಾಯಿಪಾಠ ಮಾಡಿಸುತ್ತೇನೆ. ಹುಟ್ಟುವುದೇನೋ ನಿಜ. ಹುಟ್ಟಿದ ಮೇಲೆ ಹೆಣ್ಣುಮಕ್ಕಳ ಹಾಗೆ ಐದೂ ಬೇರೆ ಊರಿಗೆ ಹೊರಟುಹೋಗಿವೆ, ತವರಿಗೆ ಉಳಿದದ್ದು ಬೋರ್‌ವೆಲ್. ಮಹಾಕಾವ್ಯ ಎನ್ನಿಸಿಕೊಳ್ಳಬೇಕಾದರೆ ಹದಿನೆಂಟು ವರ್ಣನೆಗಳಿರಬೇಕು, ಅದರಲ್ಲಿ ಜಲಕ್ರೀಡೆಯೂ ಒಂದು ಎಂದು ನಮ್ಮ ಹಳಬರು ಕಟ್ಟಳೆ ಮಾಡಿದ್ದಾರಲ್ಲ, ಅವರ್ಯಾರೂ ನಮ್ಮ ಕಡೆಯವರಲ್ಲ. ನಮ್ಮೂರಿನ ಕವಿಯಾಗಿದ್ದರೆ ಹದಿನೇಳಕ್ಕೇ ಮಂಗಳ ಹಾಡಿ ಬಿಂದಿಗೆ ಹಿಡಿದು ಟ್ಯಾಂಕರಿನ ಸಾಲಿಗೆ ಹೋಗಬೇಕಿತ್ತು.

ಹೋದರೆ ಅತ್ತೆಯನ್ನು ಬಿಟ್ಟು ಹೋಗಬಾರದು ಎಂಬುದು ನನ್ನ ಹಟ. ಸ್ವಂತ ತಂಗಿಯ ಮದುವೆಗೆ ಧಾರೆಯ ಹೊತ್ತಿಗೆ ಹೋಗಿ, ಊಟಕ್ಕೂ ನಿಲ್ಲದೆ ಹುಳುವಿನ ಮನೆಗೆ ಓಡಿಬಂದವರು ಅವರು. ಈ ಕಥೆಯನ್ನು ಅವರು ಹೆಮ್ಮೆಯಿಂದ ಹೇಳುತ್ತಿದ್ದರು. ಕೇಳಿದಾಗಲೆಲ್ಲ ನನಗೆ ಆ ತಪ್ಪಿದ ಊಟವೇ ನೆನಪಾಗುತ್ತಿತ್ತು. ನಾಲ್ಕನೆಯ ಜ್ವರ ಭಾನುವಾರಕ್ಕೇ ಬೀಳುತ್ತದೆಂದು ಲೆಕ್ಕ ಹಾಕಿ ಒಂದು ವಾರ ಬೆನ್ನು ಹತ್ತಿದೆ.

"ಬರ್ತೀನಿ ಕಣಮ್ಮ," ಎಂದರು ಕೊನೆಗೆ. "ಆದ್ರೆ ಬೆಳೆ ಏನಾದ್ರೂ ಕೆಟ್ರೆ, ಇನ್ನ ಈ ಜನ್ಮದಾಗೆ ನಿನ್ನ ಮಾತು ಕೇಳಲ್ಲ. ಈಗ್ಲೇ ಹೇಳಿರ್ತೀನಿ."

ನಮ್ಮ ಯಜಮಾನರು ಎರಡೂ ಕಡೆಗೆ ತಲೆಯಾಡಿಸಿ ಕಾರು ಗೊತ್ತು ಮಾಡಲು ಹೋದರು. ಹೀಗೆ ಒಂದು ಮನೆಯ ಬೆಳೆಯೂ ಒಬ್ಬ ಸೊಸೆಯ ಮಾನವೂ ಒಟ್ಟಿಗೆ ಜಾರುಬಂಡೆಯ ಮೇಲೆ ಕೂತವು.

ಭಾನುವಾರ ಬೆಳಿಗ್ಗೆ ಓಮ್ನಿ ಬಂದು ಹಾರನ್ ಹೊಡೆಯಿತು. ನಮ್ಮತ್ತೆ ಹುಳುವಿನ ಮನೆಯಿಂದ ಈಚೆಗೆ ಬರಲಿಲ್ಲ. ಲಕ್ಷಣವಾಗಿ ಎಲ್ಲ ಹುಳುಗಳೂ ಜ್ವರಕ್ಕೆ ಕೂತಿದ್ದವು, ಮೂವತ್ತು ನಲವತ್ತು ಬಿಟ್ಟು. ಈ ಸೋಮಾರಿಗಳು ಇನ್ನೂ ತಲೆ ಆಡಿಸುತ್ತ ಸೊಪ್ಪು ಹುಡುಕುತ್ತಿದ್ದವು. ಹೀಗೆ ಹಿಂದೆ ಬಿದ್ದ ಹುಳುಗಳನ್ನು ಆರಿಸಿ ಬಿಸಾಡುವುದು ಎಲ್ಲರ ಪದ್ಧತಿ. ನಮ್ಮತ್ತೆಗೆ ಮಾತ್ರ ಅದು ಆಗದು. "ನಿಧಾನ ಅಂತ ಮಕ್ಕಳನ್ನ ಬಿಸಾಕ್ತಾರಾ?" ಎಂದು ಕೇಳುತ್ತಾರೆ. ನಾನು ಹೊರಗೆ ನಿಂತು ಗಡಿಯಾರ ನೋಡಿಕೊಳ್ಳುತ್ತಿದ್ದಂತೆ ಅವರು ಸ್ಟೀಲಿನ ಡಬ್ಬಿಯೊಂದನ್ನು ಸೆರಗಿನಲ್ಲಿ ಮುಚ್ಚಿಕೊಂಡು ಬಂದು ಓಮ್ನಿ ಹತ್ತಿದರು. ಚಟ್ನಿ ಇರಬೇಕು ಎಂದುಕೊಂಡೆ.

ವಾಟರ್ ಪಾರ್ಕಿನ ಬಾಗಿಲಲ್ಲಿ ದಪ್ಪ ಮೀಸೆಯ ಕಾವಲುಗಾರರೊಬ್ಬರು ಚೀಲ ತಪಾಸಣೆ ಮಾಡುತ್ತಿದ್ದರು. ಹೊರಗಿನ ತಿಂಡಿ ಒಳಗೆ ಬಿಡುವುದಿಲ್ಲ. ಬೆಳಗಿನ ಜಾವ ಎದ್ದು ಕಲಸಿದ ನನ್ನ ಚಿತ್ರಾನ್ನವನ್ನು ನಿರ್ದಯವಾಗಿ ಪಕ್ಕಕ್ಕಿಟ್ಟರು. ಆಮೇಲೆ ಅತ್ತೆಯ ಡಬ್ಬಿ ತೆರೆದರು. ಮೂತಿಯೆತ್ತಿದ ಬಿಳಿ ಹುಳುವೊಂದು ಹಿಪ್ಪುನೇರಳೆ ಎಲೆಯ ಅಂಚಿನಿಂದ ಅವರನ್ನೇ ನೋಡಿತು. ಮನುಷ್ಯ ಎರಡು ಹೆಜ್ಜೆ ಹಿಂದೆ ಹಾರಿದರು.

"ಏನಮ್ಮಾ ಇದು!"

"ನಮ್ಮ ಹುಳ. ನಾವ್ ತಿನ್ನೋದಲ್ಲಪ್ಪ, ಅವೇ ತಿನ್ನೋದು."

ತಿಂಡಿ ಎಂದು ತಡೆಯುವಂತಿಲ್ಲ, ಸಾಕುಪ್ರಾಣಿ ಎಂದು ಬರೆಯಲು ಪುಸ್ತಕದಲ್ಲಿ ಜಾಗವಿಲ್ಲ. ನಾಚಿಕೆಯಿಂದ ನಾನು ಪಕ್ಕದ ಸಂಸಾರದವಳಂತೆ ದೂರ ಸರಿದು ನಿಂತೆ. ಕೊನೆಗೆ ಕಾವಲುಗಾರರು ಡಬ್ಬಿಯನ್ನು ತಮ್ಮ ಮೇಜಿನ ಮೇಲೆ ಇಟ್ಟುಕೊಳ್ಳಲು ಒಪ್ಪಿದರು. ಮುಚ್ಚಳ ಪೂರ್ತಿ ಹಾಕಬಾರದು, ಬಿಸಿಲು ಬೀಳಬಾರದು, ಬೀಡಿ ಸೇದಿದ ಕೈಯಲ್ಲಿ ಮುಟ್ಟಬಾರದು ಎಂದು ನಮ್ಮತ್ತೆ ಅವರಿಗೆ ಪಾಠ ಹೇಳಿದರು. ಅವರು ಹೂಂಗುಟ್ಟಿದರು.

ಒಳಗೆ ಹೋದರೆ ನೀರಿಗಿಳಿಯುವ ಮೊದಲು ಕಾಲು ತೊಳೆಯುವ ಸಣ್ಣ ತೊಟ್ಟಿ. ಅದರಲ್ಲಿ ಬ್ಲೀಚಿಂಗ್ ಪೌಡರಿನ ಘಾಟು. ದಾರಿಯುದ್ದಕ್ಕೂ "ಕಂಡೋರ ಕೊಳೆ ನೀರು, ರೋಗ ತಗೊಂಡೋಗಿ ಹುಳಕ್ಕೆ ಅಂಟಿಸ್ತೀವಿ" ಎಂದು ಗೊಣಗುತ್ತ ಬಂದ ನಮ್ಮತ್ತೆ ಅಲ್ಲಿ ನಿಂತು ಮೂಗರಳಿಸಿದರು. ನಮ್ಮ ಹುಳುವಿನ ಮನೆಯ ಬಾಗಿಲಲ್ಲೂ ಇದೇ ನೀರಿನಲ್ಲಿ ನೆನೆಸಿದ ಗೋಣಿಚೀಲ ಇರುತ್ತದೆ, ಕಾಲು ಒರೆಸದೆ ಯಾರೂ ಒಳಗೆ ಹೋಗುವಂತಿಲ್ಲ. "ಪರವಾಗಿಲ್ಲ, ಶುದ್ಧ ಗೊತ್ತು ಇವ್ರಿಗೆ," ಎಂದು ಅಷ್ಟು ದೊಡ್ಡ ಸಂಸ್ಥೆಗೆ ಅಲ್ಲೇ ಸರ್ಟಿಫಿಕೇಟು ಕೊಟ್ಟು ಸೀರೆಯೆತ್ತಿ ತೊಟ್ಟಿಗೆ ಕಾಲಿಟ್ಟರು. ನಾನು ಒಂದು ವಾರ ವಾದಿಸಿ ಗೆಲ್ಲಲಾಗದ್ದನ್ನು ಒಂದು ವಾಸನೆ ಗೆದ್ದಿತ್ತು.

ಸೀರೆಯಲ್ಲಿ ನೀರಿಗಿಳಿಯುವಂತಿಲ್ಲ, ನೈಲಾನ್ ಬಟ್ಟೆಯೇ ಆಗಬೇಕು ಎಂದರು ಪಾರ್ಕಿನವರು. ನಮ್ಮತ್ತೆ ಬಾಡಿಗೆಯ ಅಂಗಿಯನ್ನು ಎರಡು ಬೆರಳಲ್ಲಿ ಉಜ್ಜಿ ನೋಡಿ "ಇದ್ಯಾವ ಹುಳ ಬಿಟ್ಟಿದ್ದು?" ಎಂದು ಕೇಳಿದರು. ಅನುಷಾ ಹೇಗೋ ಒಳಗೆ ಕರೆದೊಯ್ದು ತೊಡಿಸಿ ತಂದಳು. ಅರವತ್ತರ ಹತ್ತಿರದ ನಮ್ಮತ್ತೆ ನೀಲಿ ಪ್ಯಾಂಟು, ನೀಲಿ ಅಂಗಿಯಲ್ಲಿ ಬಂದರು. ಕೈ ಮಾತ್ರ ಭುಜದ ಮೇಲೆ ಇಲ್ಲದ ಸೆರಗನ್ನು ಹುಡುಕುತ್ತಲೇ ಇತ್ತು.

ಅಲೆಯೇಳುವ ಕೊಳದಲ್ಲಿ ನೂರಾರು ಜನ ಎದೆಮಟ್ಟ ನೀರಿನಲ್ಲಿ, ಅಲೆ ಬರುವ ಸೈರನ್ ಯಾವಾಗ ಕೂಗುತ್ತದೋ ಎಂದು ತಲೆ ಮೇಲೆತ್ತಿ ಸುಮ್ಮನೆ ನಿಂತಿದ್ದರು. ನಮ್ಮತ್ತೆ ನನ್ನ ತೋಳು ತಿವಿದು "ನೋಡೇ, ಎಲ್ಲಾ ಜ್ವರಕ್ಕೆ ಕೂತವ್ರೆ" ಎಂದರು. ಆಮೇಲೆ ಆ ಜನಜಂಗುಳಿಯನ್ನು ನೋಡಿ, ಇಷ್ಟು ದಟ್ಟವಾಗಿ ಬಿಟ್ಟರೆ ರೋಗ ಬರುತ್ತದೆ, ಎರಡು ತಟ್ಟೆ ಮಾಡಬೇಕು ಎಂದು ಚಿಂತೆ ಮಾಡಿದರು.

ಇನ್ನು ಜಾರುಬಂಡೆ. ನಾಲ್ಕು ಮಹಡಿಯೆತ್ತರದ ಕೊಳವೆ. ಮನೆಯಲ್ಲಿ ಎಲ್ಲರಿಗೂ ಧೈರ್ಯ ಹೇಳಿದ್ದವಳು ನಾನೇ, ಹಾಗಾಗಿ ಮುಂದೆ ನಡೆದವಳೂ ನಾನೇ. ಮೇಲೆ ಹೋಗಿ ಕೊಳವೆಯ ಬಾಯಿ ನೋಡಿದೆ. ಹಿಂದಿನವರಿಗೆ ದಾರಿ ಬಿಡುವ ಸೌಜನ್ಯ ತೋರಿಸುತ್ತ ತೋರಿಸುತ್ತ ಮೆಟ್ಟಿಲಲ್ಲೇ ಕೆಳಗಿಳಿದೆ. ಅರ್ಧ ದಾರಿಯಲ್ಲಿ ನಮ್ಮತ್ತೆ ಎದುರಾದರು. ಮೊಮ್ಮಗಳ ಕೈ ಹಿಡಿದು ಮೇಲೆ ಹೋಗುತ್ತಿದ್ದರು.

"ಅತ್ತೆ, ಬೇಡ, ಭಯ ಆಗುತ್ತೆ."

"ಮೂವತ್ತು ವರ್ಷ ಅಟ್ಟದ ಏಣಿ ಹತ್ತಿ ಇಳ್ದಿದೀನಿ. ಇದರಾಗೆ ಇಳಿಯೋ ಕೆಲಸಾನೂ ಇಲ್ವಲ್ಲ, ಅದೇ ಇಳಿಸ್ತದೆ."

ಕೆಳಗೆ ನಿಂತು ಎಲ್ಲ ದೇವರಿಗೂ ಹರಕೆ ಹೊತ್ತೆ. ಕೊಳವೆಯೊಳಗಿಂದ "ದೇವುಡಾ" ಎಂಬ ಕೂಗು ಸುತ್ತಿ ಸುತ್ತಿ ಹತ್ತಿರವಾಯಿತು. ನಮ್ಮ ಮನೆಯಲ್ಲಿ ವ್ಯವಹಾರಕ್ಕೆ ಕನ್ನಡ, ಪ್ರಾಣ ಹೋಗುವ ಹೊತ್ತಿಗೆ ತೆಲುಗು. ನೀಲಿ ಅಂಗಿ ನೀರಿಗೆ ಬಿತ್ತು, ಮುಳುಗಿತು, ಎದ್ದಿತು. ಮುಖದ ನೀರು ಒರೆಸಿಕೊಂಡು, ಕೆಮ್ಮಿ, ನಮ್ಮತ್ತೆ ಹೇಳಿದ ಮೊದಲ ಮಾತು: "ಇಂಕೊಕ ಸಾರಿ." ಇನ್ನೊಂದು ಸಲ! ಆ ದಿನ ಅವರು ಏಳು ಸಲ ಜಾರಿದರು. ಕೊನೆಕೊನೆಗೆ ಮೇಲೆ ಹೆದರಿ ನಿಂತಿದ್ದ ಹೆಂಗಸರನ್ನು ಸಾಲು ಮಾಡಿಸಿ, ಒಬ್ಬೊಬ್ಬರಿಗೂ ಬೆನ್ನು ತಟ್ಟಿ ಕಳಿಸುತ್ತಿದ್ದರಂತೆ. ನನಗೆ ಎಷ್ಟು ಸಂತೋಷವಾಯಿತೆಂದರೆ ನನ್ನ ಹೇಡಿತನವೂ ಮರೆತುಹೋಯಿತು.

ಸಂಜೆ ಬಾಗಿಲ ಬಳಿ ಬಂದಾಗ ಕಾವಲುಗಾರರ ಮುಖ ಬಾಡಿತ್ತು. "ಅಮ್ಮಾ, ನನ್ನದೇನೂ ತಪ್ಪಿಲ್ಲ. ಮಧ್ಯಾಹ್ನದ ತನಕ ಚೆನ್ನಾಗಿ ತಿಂತಿದ್ವು. ಆಮೇಲೆ ಒಂದೊಂದೇ ತಲೆ ಎತ್ಕೊಂಡು ಹಾಗೇ ನಿಂತೋದ್ವು. ಸತ್ತೋಗವೆ ಅನ್ಸುತ್ತೆ."

ನಮ್ಮತ್ತೆ ಡಬ್ಬಿಗೆ ಬಗ್ಗಿದರು. ಒದ್ದೆಕೂದಲಿನ ತಲೆ ಮೇಲೆದ್ದಾಗ ಮುಖವೆಲ್ಲ ನಗು. "ಸತ್ತಿಲ್ಲಪ್ಪ, ಜ್ವರಕ್ಕೆ ಕೂತವೆ! ಒಂದೂ ಬಿಡ್ದಂಗೆ ಕೂತವೆ. ನಿನ್ ಕೈ ಒಳ್ಳೇ ಕೈ."

ಆ ಮನುಷ್ಯ ಹಿಗ್ಗಿಹೋದರು. ಬೆಳಿಗ್ಗೆ ತಡೆದಿಟ್ಟಿದ್ದ ನನ್ನ ಚಿತ್ರಾನ್ನವನ್ನು ಅತ್ತೆ ಅವರಿಗೇ ಕೊಟ್ಟುಬಿಟ್ಟರು.

ಮಾರನೆಯ ದಿನ ಮನೆಯ ಹುಳುಗಳೆಲ್ಲ ಒಟ್ಟಿಗೆ ಜ್ವರ ಬಿಟ್ಟು ಎದ್ದವು. ಡಬ್ಬಿಯವು ಅರ್ಧ ದಿನ ತಡವಾಗಿ ಎದ್ದು, ಅರ್ಧ ದಿನ ತಡವಾಗಿಯೇ ಗೂಡು ಕಟ್ಟಿದವು. ಆ ಸಲದ ಬೆಳೆ ಊರವರು ಬಂದು ಕೇಳುವಷ್ಟು ಚೆನ್ನಾಗಿ ಬಂತು. ಯಾವ ಔಷಧಿ ಹೊಡೆದಿರಿ ಎಂದು ಪಕ್ಕದವರು ಕೇಳಿದರೆ ನಮ್ಮತ್ತೆ "ಏನಿಲ್ಲಪ್ಪ, ಒಂದಿನ ಅವುಗಳ ಪಾಡಿಗೆ ಅವನ್ನ ಬಿಟ್ವಿ" ಎಂದರು. ನನ್ನ ಮಾನ ಉಳಿಯಿತು.

ಮುಂದಿನ ಬೆಳೆಯ ಮರಿಹುಳುಗಳು ಮನೆಗೆ ಬಂದ ಸಂಜೆ ನಾನು ಶಾಲೆಯಿಂದ ಬಂದಾಗ ನಮ್ಮತ್ತೆ ಕ್ಯಾಲೆಂಡರಿನ ಮುಂದೆ ನಿಂತಿದ್ದರು. ಅವರಿಗೆ ಓದು ಬರದು, ಅಂಕಿ ಮಾತ್ರ ಗೊತ್ತು. ನಾಲ್ಕನೆಯ ಜ್ವರ ಯಾವತ್ತು ಎಂದು ಕೇಳಿದರು. ಎಣಿಸಿ ತೋರಿಸಿದೆ. ಅಲ್ಲಿಗೆ ಸುಣ್ಣದ ಬೆರಳೊತ್ತಿ ಗುರುತು ಮಾಡಿದರು. ಅಷ್ಟಕ್ಕೇ ಮುಗಿಯಿತೆಂದು ನಾನು ಒಳಗೆ ಹೊರಟರೆ ಮತ್ತೆ ಕರೆದರು. ಬೆರಳು ಇನ್ನೂ ಕ್ಯಾಲೆಂಡರಿನ ಮೇಲೇ ಇತ್ತು, ಒಂದು ಸಾಲು ಮೇಲಕ್ಕೆ.

"ಅಲ್ಲ ಕಣಮ್ಮ, ಮೂರನೇ ಜ್ವರಾನೂ ಒಂದಿನ ಇರ್ತದಲ್ಲ?"