ವೆಂಕಟಲಕ್ಷ್ಮಮ್ಮನ ಮಾತು

ಮೊನ್ನೆ ಚಿಂತಾಮಣಿಯ ಕಾಲೇಜು ಮಕ್ಕಳು ನನ್ನ ಹಳೆಯ ನಾಟಕವೊಂದರ ಜೆರಾಕ್ಸ್ ಹಿಡಿದುಕೊಂಡು ಮನೆಗೆ ಬಂದಿದ್ದರು. ಇಷ್ಟು ವರ್ಷದ ಮೇಲೂ ನನ್ನ ನಾಟಕ ಆಡುವವರಿದ್ದಾರಲ್ಲ ಎಂದು ಉಬ್ಬಿಹೋಗಿ, ಎರಡೆರಡು ಸಲ ಕಾಫಿ ಮಾಡಿಸಿದೆ. ನಿರ್ದೇಶನ ಮಾಡುವ ಹುಡುಗಿ ಲೋಟ ಕೆಳಗಿಟ್ಟು ಕೇಳಿದಳು: “ಸಾರ್, ನಾಟಕ ಚೆನ್ನಾಗೈತೆ. ಆದ್ರೆ ಇದ್ರಲ್ಲಿರೋ ತಾಯಿ ಯಾಕೆ ಪಾಠ ಒಪ್ಪಿಸ್ದಂಗೆ ಮಾತಾಡ್ತಾಳೆ? ನಮ್ ಕಡೆ ರೇಷ್ಮೆ ಹುಳ ಸಾಕೋರು ಹಿಂಗ್ ಮಾತಾಡ್ತಾರಾ?”

ಮೂರನೇ ಸಲ ಕಾಫಿ ಮಾಡಿಸಿದೆ.

ನಿಮ್ಮ ಹತ್ತಿರ ಮುಚ್ಚುಮರೆ ಯಾಕೆ? ನಾಟಕಕಾರ ಎಂದು ನನಗೆ ಹಾರ ಹಾಕಿದವರಿಗೆ ಇದು ಗೊತ್ತಿಲ್ಲ. ಆ ತಾಯಿಯ ಮಾತು ಮೊದಲಿಗೆ ನನ್ನದಲ್ಲ, ಸಾದಲಿಯ ವೆಂಕಟಲಕ್ಷ್ಮಮ್ಮನದು. ನಾನಾಗ ಆ ಊರಿನಲ್ಲಿ ಮೇಷ್ಟ್ರು. ನಮ್ಮ ತಂಡದ ತಾಲೀಮು ಆಕೆಯ ರೇಷ್ಮೆಹುಳುವಿನ ಮನೆಯಲ್ಲಿ. ಅದೂ ಹುಳುವಿನ ಒಂದು ಬೆಳೆ ಮುಗಿದು, ಮನೆ ತೊಳೆದು, ಮುಂದಿನ ಹುಳು ಬರುವವರೆಗೆ ಮಾತ್ರ. ಹುಳು ಬಂತೆಂದರೆ, ಅದಕ್ಕೆ ವಾಸನೆ ಆಗದೆಂದು, ಬೀಡಿ ಸೇದುವವರಿಗೂ ಸೆಂಟು ಬಳಿದುಕೊಂಡ ನನಗೂ ಬಾಗಿಲು ಬಂದ್. ಹೀಗಾಗಿ ಒಂದು ನಾಟಕಕ್ಕೆ ನಾಲ್ಕು ಬೆಳೆ ಹಿಡಿಯುತ್ತಿತ್ತು.

ತಾಯಿಯ ಪಾತ್ರ ಆಕೆಯದೇ, ಆದರೆ ಓದು ಬರುತ್ತಿರಲಿಲ್ಲ. ನಾನು ಸನ್ನಿವೇಶ ಹೇಳುತ್ತಿದ್ದೆ: ಮಗಳು ಹೇಳದೆ ಕೇಳದೆ ಯಾರೊಂದಿಗೋ ಹೋಗಿಬಿಟ್ಟಿದ್ದಾಳೆ, ತಾಯಿ ಹುಳುವಿಗೆ ಸೊಪ್ಪು ಹಾಕುತ್ತಿದ್ದಾಳೆ. ವೆಂಕಟಲಕ್ಷ್ಮಮ್ಮ ಹುಳು ಸಾಕುವ ಖಾಲಿ ತಟ್ಟೆಗಳ ಮುಂದೆ ನಿಂತು, ಇಲ್ಲದ ಸೊಪ್ಪು ಉದುರಿಸುತ್ತಾ “ತಿನಂಡಮ್ಮಾ…”, ತಿನ್ನಿರಮ್ಮಾ, ಎಂದು ಶುರುಮಾಡುತ್ತಿದ್ದಳು. ಅರ್ಧ ತೆಲುಗು, ಅರ್ಧ ಕನ್ನಡ. ಹುಳುಗಳನ್ನೇ ಬೈಯುತ್ತಾ, ಮುದ್ದಿಸುತ್ತಾ ಹೋಗುವಳು, ನಾನು ಬರೆದುಕೊಳ್ಳುವೆ. ದಿಬ್ಬೂರಹಳ್ಳಿಯಲ್ಲಿ ಆಡಿದ ದಿನ ಹೆಂಗಸರು ಸೆರಗು ಬಾಯಿಗೊತ್ತಿಕೊಂಡು ಅತ್ತರು.

ಆಮೇಲೆ ಬೆಂಗಳೂರಿನ ಸ್ಪರ್ಧೆಗೆ ಕರೆ ಬಂತು, ನನಗೆ ದಿಗಿಲು ಹತ್ತಿತು. ದೊಡ್ಡವರ ಮುಂದೆ ಈ ಕಲಸುಮೇಲೋಗರ ಆಡಿಸುವುದೇ? ಕೂತು ಅಷ್ಟನ್ನೂ ಗ್ರಾಂಥಿಕ ಕನ್ನಡಕ್ಕೆ ತಿದ್ದಿ, ಹಳೆಯ ಹಾಳೆಗಳನ್ನು ಒಲೆಗೆ ಹಾಕಿದೆ.

“ಇದು ನನ್ ಬಾಯಲ್ಲಿ ನಿಲ್ಲಲ್ಲ ಸಾರ್,” ಎಂದಳು ವೆಂಕಟಲಕ್ಷ್ಮಮ್ಮ.

“ನಿಲ್ಲಿಸ್ಬೇಕಮ್ಮ, ಮರ್ಯಾದೆ ಪ್ರಶ್ನೆ,” ಎಂದೆ.

ತಿಂಗಳುಗಟ್ಟಲೆ ಬಾಯಿಪಾಠ ಮಾಡಿಸಿದೆ. ಭಾಷಾಶುದ್ಧಿಯನ್ನು ಮೆಚ್ಚಿ ಬಹುಮಾನ ಕೊಟ್ಟರು. ಯಾರೂ ಅಳಲಿಲ್ಲ. ಮುಂದೆ ಯಾವ ನಾಟಕಕ್ಕೆ ಕರೆದರೂ “ಹುಳ ಬಂದವೆ ಸಾರ್” ಎಂಬ ಒಂದೇ ಉತ್ತರ ಆಕೆಯದು. ನನಗೆ ವರ್ಗವಾಯಿತು, ತಿದ್ದಿದ ಪ್ರತಿಯೇ ಪುಸ್ತಕವಾಯಿತು.

ಆ ಕಾಲೇಜು ಹುಡುಗಿಯ ಹತ್ತಿರ ಒಂದು ವಾರ ಸಮಯ ಕೇಳಿ ಸಾದಲಿಯ ಬಸ್ಸು ಹತ್ತಿದೆ. ಆ ಮಾತನ್ನು ಇನ್ನೊಮ್ಮೆ ಕೇಳಬೇಕೆಂಬ ಆಸೆ ನಾಟಕಕ್ಕಿಂತ ಹೆಚ್ಚಾಗಿ ನನಗೇ ಇತ್ತು. ತಲೆ ಪೂರ್ತಿ ಬೆಳ್ಳಗಾಗಿದ್ದ ವೆಂಕಟಲಕ್ಷ್ಮಮ್ಮ ಜಗಲಿಯಲ್ಲಿ ಅವರೆಕಾಯಿ ಸುಲಿಯುತ್ತಿದ್ದಳು.

“ಏನ್ ಸಾರ್, ದಾರಿ ತಪ್ಪಿ ಬಂದ್ರಾ?”

“ಆ ಹುಳುವಿನ ಮುಂದಿನ ಮಾತು ನೆನಪಿದ್ಯೇನಮ್ಮ? ಒಂದ್ಸಲ ಹೇಳಿ.”

“ಅಯ್ಯೋ, ಮರೆಯೋದುಂಟಾ?” ಎಂದು ಎದ್ದು ಸೆರಗು ಸರಿಮಾಡಿಕೊಂಡಳು. ನಾನು ಪೆನ್ನು ತೆಗೆದು ಕೂತೆ.

“ಸೇವಿಸಿರಿ ಕಂದಗಳಿರಾ, ನಿಮ್ಮ ಉದರವಾದರೂ ತುಂಬಲಿ. ಎನ್ನ ಪುತ್ರಿ ತೆರಳಿದ ಪಥವನ್ನು…”

ಒಂದಕ್ಷರ ತಪ್ಪದೆ ಕೊನೆಯವರೆಗೂ ಹೇಳಿದಳು.

“ಇದಲ್ಲಮ್ಮ, ಮೊದಲು ನೀವೇ ಹೇಳ್ತಿದ್ರಲ್ಲ, ಅದು,” ಎಂದೆ.

“ಅದಾ? ಅದು ಯಾವಾಗ್ಲೋ ಹೊಂಟೋಯ್ತು ಸಾರ್. ನೀವ್ ಹೇಳ್ಕೊಟ್ಟಿದ್ದು ಮಾತ್ರ ಹಂಗೇ ಐತೆ. ಸರಿಯಾಗಿತ್ತಾ?”

“ಸರಿಯಾಗಿತ್ತಮ್ಮ,” ಎಂದೆ. ಆಕೆಯ ಮುಖ ಅರಳಿತು. ನನಗೆ ಅಳು ಬಂತು.