ಪರದೆಯ ಮೇಲಿನ ಹೆಂಗಸು ಮನೆಗೆ ಹೋದಳು

ನಾನು ಆ ಸುಳ್ಳು ಹೇಳಿದ್ದು ಊಟದ ಕೋಣೆಯಲ್ಲಿ, ಪರದೆಯೆಂದು ಕಟ್ಟಿದ್ದ ಬಿಳಿ ಚಾದರದ ಎಡಕ್ಕೆ ನಿಂತು; ದೀಪಾವಳಿ ಮುಗಿದ ಮೊದಲ ಭಾನುವಾರ, ಮಧ್ಯಾಹ್ನ. ಬೆಳಗಾವಿಯ ಅಂಚಿನ ಖಾಸಗಿ ಮಾನಸಿಕ ಆಸ್ಪತ್ರೆಯೊಂದರಲ್ಲಿ ಆಗ ನಾನು ವಾರ್ಡ್ ಸಹಾಯಕ.

ಡಾಕ್ಟರರು ತರಿಸಿದ್ದು ಹಳೆಯ ಇಂಗ್ಲಿಷ್ ಸಿನಿಮಾ — ಇಂಥದೇ ಆಸ್ಪತ್ರೆ ಸೇರಿದ ಹೆಂಗಸೊಬ್ಬಳ ಕಥೆ. ಬಿ.ಎ. ಓದಿದವನೆಂದು, ಅದರ ಮಾತುಗಳನ್ನು ಕನ್ನಡದಲ್ಲೂ ಮರಾಠಿಯಲ್ಲೂ ರೋಗಿಗಳಿಗೆ ಹೇಳಲು ನನ್ನನ್ನು ನಿಲ್ಲಿಸಿದ್ದರು.

ಮುಂದಿನ ಸಾಲಿನಲ್ಲಿ ಬೀಡಿ ಎಂಬ ಊರಿನ ಗಂಗವ್ವ ಕುಳಿತಿದ್ದಳು. ಗುಣವಾಗಿದ್ದಳು. ತಾನು ಎತ್ತಿ ಆಡಿಸಿದ ಅಣ್ಣನ ಮಗಳ ಲಗ್ನಕ್ಕೆ ಹೋಗಬೇಕೆಂದು ಕಾಯುತ್ತಿದ್ದಳು. ಮರುದಿನ ಡಾಕ್ಟರರು ಅವಳನ್ನೇ ಕೇಳಿ, ಅಣ್ಣನ ಜೊತೆ ಕಳಿಸುವವರಿದ್ದರು.

ಆ ಭಾನುವಾರ ಬೆಳಿಗ್ಗೆ ಅವಳ ಅಣ್ಣ ಗೇಟಿನ ಬಳಿ ನನ್ನ ಕೈ ಹಿಡಿದಿದ್ದ.

"ಖಾನಾಪುರದ ಬೀಗರಿಗೆ ಇಕಿ ಸುದ್ದಿ ಗೊತ್ತಿಲ್ರಿ. ತಾನ ಬರಾಕ ಒಲ್ಲೆ ಅಂದ್ರ ಚಲೋ ಆಗ್ತಿತ್ತು, ಅಣ್ಣಾರ."

ನಾನು ಕೈ ಬಿಡಿಸಿಕೊಂಡು ಒಳಗೆ ಬಂದೆ.

ಸಿನಿಮಾದ ಕೊನೆಗೆ ಆ ಹೆಂಗಸು ಕೋಟು ಹಾಕಿಕೊಂಡು ಬಾಗಿಲಿಗೆ ಬಂದಳು.

"ಏನಂತಾಳ್ರೀ ಆಕಿ? ಮನಿಗೆ ಹೊಂಟಾಳೇನು?" ಗಂಗವ್ವ ಕೇಳಿದಳು.

"ಹೊಂಟಾಳ, ನಿನ್ನೂ ಬಗಲಾಗ ಇಟ್ಕೊಂಡು!" ಹಿಂದಿನ ಸಾಲಿನಿಂದ ಇನ್ನೊಬ್ಬ ರೋಗಿ ಪಾರೂಬಾಯಿ ನಕ್ಕಳು.

ನಾನು ಹೇಳಿದೆ: "ಇಲ್ಲೇ ಇರ್ತೀನಿ ಅಂತಾಳ. ತಾ ಹೋದ್ರ ಮನಿ ಹುಡುಗಿ ಲಗ್ನ ಮುರೀತೈತಿ ಅಂತ."

ಆ ಸಿನಿಮಾದಲ್ಲಿ ಹುಡುಗಿಯೂ ಇರಲಿಲ್ಲ, ಲಗ್ನವೂ ಇರಲಿಲ್ಲ.

ಗಂಗವ್ವ ಪರದೆಯನ್ನೇ ನೋಡುತ್ತ ಕುಳಿತಳು. ಚಾದರ ಬಿಚ್ಚಿದ ಮೇಲೂ ಆ ಬರಿಗೋಡೆಯನ್ನು.

ಮರುದಿನ ಡಾಕ್ಟರರು ಕೇಳಿದರು. ಅವಳು ಅಣ್ಣನ ಮುಖ ನೋಡಿ, "ನಾ ಇಲ್ಲೇ ಇರ್ತೇನ್ರಿ" ಎಂದಳು. ಅವನು ಅತ್ತ. ನೆಮ್ಮದಿಗೋ ನಾಚಿಕೆಗೋ — ತಿಳಿಯದು. ನಾನು ಬಾಗಿಲಲ್ಲೇ ಇದ್ದೆ. ಒಂದು ಮಾತು ಸಾಕಿತ್ತು. ಅದನ್ನು ನುಂಗಿಕೊಂಡೆ. ದಿನವೂ ಅಂಗಿ ಹಿಡಿದು "ಎಂದ ಕಳಸ್ತೀರಿ?" ಎಂದು ಕೇಳುತ್ತಿದ್ದವಳು ಇನ್ನು ಕೇಳುವುದಿಲ್ಲವೆಂಬ ಹಗುರವೂ ಆಗ ನನ್ನಲ್ಲಿತ್ತು. ಅದನ್ನೂ ಬರೆಯಬೇಕು.

ಲಗ್ನ ಆಯಿತು. ಆಮೇಲೆ ಅವಳನ್ನು ಕರೆಯಲು ಯಾರೂ ಬರಲಿಲ್ಲ.

ಡಾಕ್ಟರರೂ ಆ ಅಣ್ಣನೂ ಈಗಿಲ್ಲ. ಅಂದು ಪ್ರೊಜೆಕ್ಟರ್ ಪಕ್ಕದಲ್ಲಿದ್ದ ಸಿಸ್ಟರ್ ಶಾಂತಾ ಅವರಿಗೆ ಇಂಗ್ಲಿಷ್ ಬರುತ್ತಿತ್ತು. ನನ್ನತ್ತ ಒಮ್ಮೆ ನೋಡಿ, ವೈರು ಸುತ್ತತೊಡಗಿದ್ದರು. ಅವರು ರಾಮತೀರ್ಥ ನಗರದಲ್ಲಿದ್ದಾರೆ. ಯಾರಾದರೂ ಕೇಳಿದರೆ, ನಾನು ಹೇಳಿದ್ದು ಸುಳ್ಳೆಂದು ಹೇಳಿಯಾರು.

ಅಂದಿನವರಲ್ಲಿ ಉಳಿದ ಇನ್ನೊಬ್ಬಳು ಗಂಗವ್ವ. ಬದುಕಿದ್ದಾಳೆ — ಅದೇ ವಾರ್ಡಿನಲ್ಲಿ.